ಒಳತೊಡೆ ಹಿಡಿದ ಮೇಲೆ

ಜಿಮ್‌ನಲ್ಲಿ ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್‌ನಲ್ಲಿ ಕೆಳಗೆ ಹೋಗಿ ಏಳುವಾಗ ಒಳತೊಡೆಯಲ್ಲಿ ಚುರುಕ್ ಅಂದರೆ ಅದು ಮಾಮೂಲಿ ಮೈಕೈ ನೋವಲ್ಲ. ಮೈಕೈ ನೋವು ಮಾರನೇ ದಿನ ಶುರುವಾಗುತ್ತದೆ, ಎರಡೂ ಕಾಲಲ್ಲಿರುತ್ತದೆ, ತಾನಾಗೇ ಇಳಿಯುತ್ತದೆ. ಸ್ನಾಯುವಿನ ಎಳೆ ಹರಿದರೆ ಆ ಕ್ಷಣವೇ ಗೊತ್ತಾಗುತ್ತದೆ. ಇಲ್ಲೇ ಅಂತ ಬೆರಳಿಟ್ಟು ತೋರಿಸಬಹುದು. ಹೋದ ಮಳೆಗಾಲದಲ್ಲಿ ನನ್ನ ಎಡಗಾಲಿಗೆ ಆಗಿದ್ದು ಇದೇ.

ಅಮ್ಮ ಎಣ್ಣೆ ಕಾಯಿಸಿಕೊಂಡು ತಿಕ್ಕೋಕೆ ರೆಡಿ. ಜಿಮ್ ಗೆಳೆಯರದ್ದು ಒಂದೇ ಮಾತು: ಐಸ್ ಇಡು, ಹದಿನೈದು ದಿನ ಮಲಗು. ಮೊದಲ ದಿನಗಳಲ್ಲಿ ಜೋರಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ, ಊತ ಜಾಸ್ತಿಯಾಗಬಹುದು. ಅಮ್ಮನಿಗೆ ಬೇಜಾರಾದರೂ ಬೇಡ ಅಂದೆ. ಇನ್ನು ಐಸ್ ಕಥೆ ಮಜವಾಗಿದೆ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತಿಡುವುದು ಎಂಬ 'ರೈಸ್' (ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ RICE) ಸಲಹೆಯನ್ನು 1978ರಲ್ಲಿ ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮರ್ಕಿನ್. ಐಸೂ, ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡ ಮಾಡಬಹುದು ಅಂತ 2014ರಲ್ಲಿ ಬರೆದವರೂ ಅವರೇ! ನೋವು ತಡೆಯಲಾಗದಾಗ ಸ್ವಲ್ಪ ಹೊತ್ತು ಐಸ್ ಇಟ್ಟೆ, ಅಷ್ಟೇ.

ನಡೆಯುವುದನ್ನು ಬಿಡಲಿಲ್ಲ. ಫಿಸಿಯೋ ಹೇಳಿದಂತೆ ಮಂಡಿಗಳ ನಡುವೆ ಚೆಂಡಿಟ್ಟು ಮೆಲ್ಲಗೆ ಒತ್ತುವುದರಿಂದ ಶುರು. ಆಮೇಲೆ ತೂಕ ಹಾಕದ ಬರೀ 20 ಕೆಜಿ ಬಾರ್ (ಕಬ್ಬಿಣದ ಸರಳು) ಹೊತ್ತು ನಿಧಾನವಾಗಿ ಇಳಿಯುವುದು. ನೋವು ಹತ್ತಕ್ಕೆ ಮೂರು ದಾಟಬಾರದು, ಮಾರನೇ ಬೆಳಿಗ್ಗೆ ಹೆಚ್ಚಾಗಿರಬಾರದು. ದಾಟಿದರೆ ಹಿಂದಿನ ತೂಕಕ್ಕೇ ವಾಪಸ್. ಗಾಯದಲ್ಲಿ ಹೊಸದಾಗಿ ಬೆಳೆಯುವ ಎಳೆಗಳು ಎಳೆತ ಬೀಳುವ ದಿಕ್ಕಿಗೇ ಜೋಡಿಸಿಕೊಳ್ಳುತ್ತವಂತೆ. ಸುಮ್ನೆ ಮಲಗಿದ್ದರೆ ಆ ಎಳೆತ ಎಲ್ಲಿಂದ ಬರಬೇಕು?

ನಿಜವಾದ ಕಷ್ಟ ನೋವು ಹೋದ ಮೇಲೆ. ಮೆಟ್ಟಿಲು ಹತ್ತುವಾಗ ಏನೂ ಅನ್ನಿಸಲ್ಲ, ಪಕ್ಕದವರು ಬಾರ್‌ಗೆ ತೂಕದ ಪ್ಲೇಟ್ ಏರಿಸುತ್ತಿರುತ್ತಾರೆ, ಕೈ ತುರಿಸುತ್ತದೆ. ಎರಡನೇ ಸಲ ಹರಿಯುವುದು ಇದೇ ಹೊತ್ತಲ್ಲಿ. ಒಂದು ಸಲ ಪೆಟ್ಟಾದ ಜಾಗಕ್ಕೆ ಮತ್ತೆ ಪೆಟ್ಟಾಗುವ ಸಾಧ್ಯತೆ ಹೆಚ್ಚು. ಅದಕ್ಕೇ ವಾರಕ್ಕೆ ಎರಡೂವರೆ, ಐದು ಕೆಜಿಗಿಂತ ಜಾಸ್ತಿ ಏರಿಸಲಿಲ್ಲ. ವಾರ್ಮಪ್‌ನಲ್ಲೂ ಖಾಲಿ ಬಾರ್‌ನಿಂದ ನೇರ 80 ಕೆಜಿಗೆ ಹಾರುವುದಿಲ್ಲ, ನಡುವೆ 40, 60 ಇರಲೇಬೇಕು.

ಈಗ ಕೋಪನ್‌ಹೇಗನ್ ಪ್ಲ್ಯಾಂಕ್ ಕೂಡ ಸೇರಿಸಿದ್ದೇನೆ. ಮೇಲಿನ ಕಾಲನ್ನು ಬೆಂಚ್ ಮೇಲಿಟ್ಟು ಪಕ್ಕಕ್ಕೆ ಮಲಗಿ ಸೊಂಟ ಎತ್ತುವ ಹಿಂಸೆ ಅದು. ನಾರ್ವೆಯ ಫುಟ್‌ಬಾಲ್ ಆಟಗಾರರಲ್ಲಿ ಈ ಬಗೆಯ ವ್ಯಾಯಾಮದಿಂದ ತೊಡೆಸಂದಿನ ತೊಂದರೆ ಕಡಿಮೆಯಾಗಿದ್ದು 2019ರ ಅಧ್ಯಯನದಲ್ಲಿ ಕಂಡಿದೆ. ಅವರು ಓಡುವವರು, ನಾವು ಎತ್ತುವವರು. ಆದರೂ ಸ್ನಾಯು ಒಂದೇ ಅಲ್ವಾ?

'ಟಪ್' ಅಂತ ಸದ್ದಾದರೆ, ನೀಲಿಗಟ್ಟಿದರೆ, ಸ್ನಾಯುವಿನಲ್ಲಿ ಗುಳಿ ಕಂಡರೆ, ಕಾಲೂರಲು ಆಗದಿದ್ದರೆ ಇದ್ಯಾವುದನ್ನೂ ಮಾಡಬೇಡಿ, ಸೀದಾ ಡಾಕ್ಟರ್ ಹತ್ತಿರ ಹೋಗಿ.