ಎಲ್ಲಾರಿಗೂ ಬಡಿಸಿದ್ದಾತೇನ?

ಕಳೆದ ತಿಂಗಳು ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಸಂಬಂಧಿಕರೊಬ್ಬರ ಮದುವೆ ಇತ್ತು. ಊಟ ಬಫೆ. ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಅಜ್ಜ, ಎಂಬತ್ತು ದಾಟಿರಬೇಕು, ತಲೆಗೆ ಪಟಗಾ, ಹಣೆ ತುಂಬ ವಿಭೂತಿ. ಬಡಿಸಿಕೊಂಡು ಗೋಡೆ ಕಡೆ ಸರಿದವರು ತಾಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ನೋಡುತ್ತಾ ನಿಂತೇ ಬಿಟ್ಟರು. ಚಮಚೆ ಬೇಕೇನೋ ಅಂದುಕೊಂಡು ಕೇಳಿದೆ, "ಏನರ ಬೇಕಿತ್ತೇನ್ರಿ ಅಜ್ಜಾರ?"

"ಏನಿಲ್ಲೋ ತಮ್ಮಾ, ಯಾರರ ಹರಹರ ಅಂತಾರೇನು ಅಂತ ನೋಡಾಕತ್ತಿದ್ದೆ. ರೂಢಿ ನೋಡು" ಅಂದು ನಕ್ಕು, ತಾಟನ್ನು ಒಮ್ಮೆ ಹಣೆಗೆ ಮುಟ್ಟಿಸಿ ಉಣ್ಣಲು ಶುರು ಮಾಡಿದರು.

ನಾನಾಗಲೇ ಅರ್ಧ ಪೂರಿ ಮುಗಿಸಿದ್ದೆ.

ನಮ್ಮ ಕಡೆ ಪಂಕ್ತಿಯಲ್ಲಿ ಕೂತು ಉಂಡವರಿಗೆ ಆ ಅಜ್ಜ ಕಾಯುತ್ತಿದ್ದದ್ದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪು, ಚಟ್ನಿ, ಕೋಸಂಬರಿ, ಪಲ್ಯ, ಆಮೇಲೆ ಗೋಧಿ ಹುಗ್ಗಿ, ಅದರ ಮೇಲೆ ತುಪ್ಪ, ಇಷ್ಟೂ ಸಾಲಿನ ಕೊನೆಯ ಎಲೆಗೆ ಬೀಳುವ ತನಕ ಯಾರೂ ಕೈ ಹಚ್ಚುವಂತಿಲ್ಲ. ಹಿರಿಯರೊಬ್ಬರು "ಎಲ್ಲಾರಿಗೂ ಬಡಿಸಿದ್ದಾತೇನ?" ಅಂತ ಕೂಗಿ ಕೇಳುತ್ತಾರೆ. ಆತು ಅಂತ ಉತ್ತರ ಬಂದ ಮೇಲೆ ಒಬ್ಬರು "ನಮಃ ಪಾರ್ವತೀಪತಯೇ" ಅನ್ನಬೇಕು, ಇಡೀ ಸಾಲು "ಹರಹರ ಮಹಾದೇವ" ಅನ್ನಬೇಕು, ಆಮೇಲೆ ಊಟ. ಆರೇಳು ವರ್ಷದವನಿದ್ದಾಗ ಇದೆಲ್ಲ ಮುಗಿಯುವ ಮೊದಲೇ ಹುಗ್ಗಿಯಲ್ಲಿ ಬೆರಳು ಅದ್ದಿ ನೆಕ್ಕಿ, ಕಾಕಾನ ಕೈಯಿಂದ ತಲೆ ಮೇಲೆ ಒಂದು ತಿಂದಿದ್ದೆ. ಹುಗ್ಗಿ ಸುಡುತ್ತಿತ್ತು, ಅಳು ಯಾವುದಕ್ಕೆ ಬಂತೋ ಗೊತ್ತಿಲ್ಲ.

ಮದುವೆಯಿಂದ ವಾಪಸ್ ಬರುವಾಗ ಇದೇ ತಲೆಯಲ್ಲಿ ಓಡುತ್ತಿತ್ತು. ಬಫೆಯಲ್ಲಿ ಹರಹರ ಅನ್ನುವುದಾದರೂ ಯಾವಾಗ? ಎಲ್ಲರೂ ಒಟ್ಟಿಗೆ ಶುರು ಮಾಡುವ ಹೊತ್ತು ಅಂತಲೇ ಇಲ್ಲವಲ್ಲ. ಒಬ್ಬ ಐಸ್‌ಕ್ರೀಮ್ ಮುಗಿಸಿರುತ್ತಾನೆ, ಇನ್ನೊಬ್ಬನ ಕೈಯಲ್ಲಿ ಖಾಲಿ ತಾಟು. ದೇವರ ಮೇಲಿನ ನಂಬಿಕೆ ಕಡಿಮೆಯಾಗಿ ಊಟದ ಮುಂಚಿನ ಪ್ರಾರ್ಥನೆ ಹೋಯಿತು ಅಂತ ದೊಡ್ಡವರು ಬೈತಾರೆ, ನನಗೇನೋ ಹಾಗನಿಸುವುದಿಲ್ಲ. ಬೇರೆಯವರಿಗೆ ಕಾಯುವುದು ಹೋಯಿತು, ಅದರ ಹಿಂದೆ ಅದೂ ಹೋಯಿತು.

ನಾನೇನೂ ದೊಡ್ಡ ಭಕ್ತ ಅಲ್ಲ. ಸವಣೂರ ಕಡೆಯ ನಮ್ಮಜ್ಜ ಇದ್ದರು, ಇಷ್ಟಲಿಂಗಕ್ಕೆ ತೋರಿಸದೆ ಒಂದು ತುತ್ತು ಬಾಯಿಗೆ ಹಾಕಿದವರಲ್ಲ. ಉಂಡಾದ ಮೇಲೆ ತಾಟಿಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತ ಬಳಿದು, ಆ ನೀರನ್ನೂ ಕುಡಿದುಬಿಡುತ್ತಿದ್ದರು. ಪ್ರಸಾದ ಚೆಲ್ಲಬಾರದು ಅನ್ನುವ ಲೆಕ್ಕ. ತಾಟು ತೊಳೆದಿಟ್ಟ ಹಾಗೆ ಇರುತ್ತಿತ್ತು. ಒಮ್ಮೆ ನಾನೂ ಮಾಡಿ ನೋಡಿದೆ. ಕಾರಬ್ಯಾಳಿ ಉಂಡ ತಾಟು ಅದು, ಗಂಟಲು ಹತ್ತಿಕೊಂಡಿತು.

ಧಾರವಾಡದ ಮಾಳಮಡ್ಡಿಯಲ್ಲಿ ಗೆಳೆಯನ ಮನೆಯ ಪದ್ಧತಿ ಬೇರೆ. ಅವನ ಅಪ್ಪ ಎಲೆಯ ಸುತ್ತ ನೀರು ಹರಿಸಿ, ಬಲಗಡೆ ನಾಲ್ಕು ಅಗಳು ಚಿತ್ರಾಹುತಿ ಇಟ್ಟು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಅಂತ ಐದು ಸಣ್ಣ ತುತ್ತು ನುಂಗಿದ ಮೇಲೇ ಊಟ. ಆಫೀಸಿನಲ್ಲಿ ಎದುರು ಕೂರುವ ಗೆಳೆಯ ಡಬ್ಬಿ ತೆಗೆಯುತ್ತಲೇ ಬಿಸ್ಮಿಲ್ಲಾ ಅಂತಾನೆ. ಕೆಲಸದ ಗಡಿಬಿಡಿಯಲ್ಲಿ ಮರೆತರೆ ಏನು ಮಾಡ್ತೀಪಾ ಅಂತ ಒಮ್ಮೆ ಕೇಳಿದೆ. ಅದಕ್ಕೂ ಮಾತಿದೆಯಂತೆ. ಊಟದ ನಡುವೆ ನೆನಪಾದರೆ, ಇದರ ಮೊದಲಿಗೂ ಕೊನೆಗೂ ಅಲ್ಲಾಹನ ಹೆಸರು ಅಂತ ಹೇಳಿಕೊಂಡರೆ ನಡೆಯುತ್ತದೆ. ಮರೆಯುವವರನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ನೋಡಿ, ನನಗದು ಬಹಳ ಹಿಡಿಸಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅಂದರೆ ಕ್ರೈಸ್ತರು ಊಟಕ್ಕೆ ಮೊದಲು ಕಣ್ಣು ಮುಚ್ಚಿ ಹೇಳುವ ಗ್ರೇಸ್ ಕೂಡ ಈ ಊರಿಗೆ ಹೊಸದೇನಲ್ಲ. ಗ್ರೇಸ್ ಅನ್ನುವ ಪದದ ಮೂಲ ಲ್ಯಾಟಿನ್ನಿನ ಗ್ರಾಟಿಯಾ, ಊಟದ ವಿಷಯದಲ್ಲಿ ಅದರ ಅರ್ಥ ಕೃತಜ್ಞತೆ.

ಇನ್ನು ಹೊಲದಲ್ಲಿ ಉಣ್ಣುವಾಗ ಇದ್ಯಾವುದೂ ಇಲ್ಲ, ಚರಗ ಇದೆ, ಅಂದರೆ ಹೊಲಕ್ಕೆ ಚೆಲ್ಲುವ ಅಡಿಗೆಯ ಪಾಲು. ಸೀಗಿ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೋಗಿ, ಮೊದಲು ಹೊಲದ ತುಂಬ ಚರಗ ಚೆಲ್ಲಿ, "ಹುಲ್ಲುಲ್ಲಿಗೋ" ಅಂತ ಕೂಗಿ (ಮುಂದಿನ ಪದ ಊರಿಗೊಂದು ಥರ), ಆಮೇಲೆ ನಮ್ಮ ಊಟ. ಅಲ್ಲೂ ಮೊದಲು ಭೂಮಿಗೆ, ಹಕ್ಕಿಪಕ್ಕಿಗೆ ಬಡಿಸಿದ್ದಾಗಬೇಕು.

ಸರಿ, ಮನೆಯಲ್ಲಿ ಒಂದು ನಿಯಮ ಮಾಡೋಣ ಅಂದುಕೊಂಡೆ. ಮಂತ್ರ ಬೇಡ. ಎಲ್ಲರಿಗೂ ಬಡಿಸಿ, ಎಲ್ಲರೂ ಕೂತ ಮೇಲೇ ತುತ್ತು ಎತ್ತಬೇಕು, ಮೊಬೈಲ್ ಅಡ್ಡ ಬರಬಾರದು. ಮಗಳು ಒಪ್ಪಿದಳು. ಶಾಲೆಯಲ್ಲಿ ಅವಳಿಗೆ ನಾಲ್ಕು ಸಾಲಿನ ಇಂಗ್ಲಿಷ್ ಪ್ರಾರ್ಥನೆ ಕಲಿಸಿದ್ದಾರೆ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಡಬ್ಬಿಯಲ್ಲಿಟ್ಟು, ನಾಲ್ಕೂ ಸಾಲನ್ನು ಒಂದೇ ಪದದ ಹಾಗೆ ಹೇಳಿ ಮುಗಿಸುತ್ತಾಳೆ. ಹೆಂಡತಿ, "ನೋಡೋಣ, ಎಷ್ಟು ದಿನ ನಡೀತದ" ಅಂದಳು.

ಒಂದು ದಿನವೂ ನಡೆಯಲಿಲ್ಲ. ಯಾಕೆಂದರೆ ಅವ್ವ ಒಲೆ ಮುಂದೆ. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುತ್ತಿದೆ, ಇನ್ನೊಂದು ಬಡಿಯುತ್ತಿದ್ದಾಳೆ, ನಾವು ಮೂವರೂ ತಾಟಿನ ಮುಂದೆ ಕೈ ಕಟ್ಟಿ ಕೂತಿದ್ದೇವೆ.

"ಯಾಕ ಕುಂತೀರಿ? ಉಣ್ರಿ, ಆರ್ತಾವ."

"ನೀನೂ ಬಾ, ಕೂಡೇ ಉಣ್ಣೂಣು."

"ನಾ ಬಂದ್ರ ಬಡಿಯಾವ್ರು ಯಾರು? ಆರಿದ ರೊಟ್ಟಿ ತೊಗಲ ಆಕ್ಕತಿ, ಅದನ್ನ ತಿಂತೀಯೇನ?" ಸಿಟ್ಟೇ ಬಂದಿತ್ತು ಅವಳಿಗೆ. ಉಬ್ಬಿದ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬೀಳಬೇಕು, ನಾವು ಅದನ್ನು ಬಿಸಿ ಇರುವಾಗಲೇ ಮುರಿಯಬೇಕು. ಅದು ಅವಳ ಹಠ. ನಾವು ಕೈ ಕಟ್ಟಿ ಕಾದರೆ ಅವಳ ಕೆಲಸಕ್ಕೆ ಅವಮಾನ ಮಾಡಿದ ಹಾಗೆ.

ಆಗ ಹೊಳೆಯಿತು. "ಎಲ್ಲಾರಿಗೂ ಬಡಿಸಿದ್ದಾತೇನ" ಅಂತ ಕಾಕಾ ಕೂಗುತ್ತಿದ್ದಾಗ ಆ ಎಲ್ಲಾರೊಳಗೆ ಅಡಿಗೆಮನೆಯವರು ಯಾವತ್ತೂ ಇರಲಿಲ್ಲ. ಅವ್ವ, ದೊಡ್ಡವ್ವ, ಸೋದರತ್ತಿ ಎಲ್ಲ ಕೊನೆಯ ಪಂಕ್ತಿಗೆ, ಹುಗ್ಗಿಯ ತಳ ಕೆರೆದು ಉಂಡವರು. ಹರಹರ ಅನ್ನುವ ಹಳೆ ಕಾಲ ಭಾಳ ಚಲೋ ಇತ್ತು ಅಂತ ಇಷ್ಟುದ್ದ ಬರೆದೆ, ಆದರೆ ಮನೆಯಲ್ಲಿ ನಲವತ್ತು ವರ್ಷದಿಂದ ಅವ್ವ ಕೊನೆಗೆ ಉಣ್ಣುತ್ತಿರುವುದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ರೊಟ್ಟಿ ಬಡಿಯಲು ನಾನು ಕೂತರೆ ಹೇಗೆ ಅಂತಲೂ ನೋಡಿದೆ. ಮೊದಲ ರೊಟ್ಟಿ ಕರ್ನಾಟಕದ ನಕ್ಷೆಯಾಯಿತು, ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಹರಿಯಿತು. ಅವ್ವ ನನ್ನನ್ನು ಎಬ್ಬಿಸಿದಳು.

ಉಪಾಯ ಹೇಳಿದ್ದು ಹೆಂಡತಿ. ಖಡಕ್ ರೊಟ್ಟಿ! ಅದು ಆರುವ ಚಿಂತೆಯೇ ಇಲ್ಲ, ಮಾಡಿಟ್ಟರೆ ವಾರಗಟ್ಟಲೆ ಇರುತ್ತದೆ. ಈಗ ರವಿವಾರ ರಾತ್ರಿ ಖಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎಲ್ಲವನ್ನೂ ನಡುವೆ ಇಟ್ಟುಕೊಂಡು ನಾಲ್ವರೂ ಕೂರುತ್ತೇವೆ. ಮೊದಲ ವಾರ ಅವ್ವ ಉಪ್ಪು ತರಲು ಎದ್ದಳು, ಆಮೇಲೆ ನೀರಿಗೆ, ಆಮೇಲೆ ಸುಮ್ನೆ. "ಆಯೀ ಕುಂದ್ರು, ನೀ ಕುಂದ್ರೂ ತನಕ ನಂಗ ಉಣ್ಣಾಕ ಕೊಡಾಂಗಿಲ್ಲ ಪಪ್ಪಾ" ಅಂತ ಮಗಳು ಸೆರಗು ಹಿಡಿದು ಎಳೆದಳು. ಅವ್ವ ಕೂತಳು. ಮಗಳೇ ನಮ್ಮ ತಾಟುಗಳನ್ನು ಎಣಿಸಿ ಹರಹರ ಅಂದಳು, ನಾಲ್ಕೂ ರೊಟ್ಟಿ ಕಟಕ್ ಅಂದವು.

ಹೋದ ವಾರ ಉಣ್ಣುತ್ತಾ ಉಣ್ಣುತ್ತಾ ಅವ್ವ ತನ್ನಷ್ಟಕ್ಕೇ ಅಂದಳು, "ಹಿಂಗ ಕುಂತು ಉಂಡ್ರ ಒಂದು ರೊಟ್ಟಿ ಜಾಸ್ತೀನ ಹೊಕ್ಕತಿ ನೋಡು."