ಚಂದ್ರನ ಕಡೆಗೆ ಒಂದು ಭಾನುವಾರ

ದಸರಾ ರಜೆಯ ಒಂದು ಭಾನುವಾರ ನಾನೂ ಅಣ್ಣನ ಮಗನೂ ಒಂದೇ ಕಂಪ್ಯೂಟರಿನ ಮುಂದೆ ಕುಳಿತು, ಅವನು ಅಮೆರಿಕ, ನಾನು ಸೋವಿಯತ್ ಒಕ್ಕೂಟ ಎಂದು ಪಕ್ಷ ಹಂಚಿಕೊಂಡು, ಚಂದ್ರನನ್ನು ಮೊದಲು ಮುಟ್ಟುವವರು ಯಾರೆಂಬ ಆಟವನ್ನು ಬೆಳಗಿನಿಂದ ಸಂಜೆಯವರೆಗೆ ಆಡಿದೆವು. ‘ಬಝ್ ಆಲ್ಡ್ರಿನ್ಸ್ ರೇಸ್ ಇಂಟು ಸ್ಪೇಸ್’ ಎಂಬುದು ಆ ಆಟದ ಹೆಸರು. 1993ರಲ್ಲಿ ಡಾಸ್ ಕಂಪ್ಯೂಟರುಗಳಿಗಾಗಿ ಬಂದ ಈ ಆಟದ ಮೂಲ ಸಂಕೇತಗಳು ಮುಂದೆ ಮುಕ್ತವಾಗಿ ದೊರೆತದ್ದರಿಂದ ಆಸಕ್ತರು ಅದನ್ನು ಈಗಿನ ಕಂಪ್ಯೂಟರುಗಳಿಗೂ ಹೊಂದಿಸಿಕೊಟ್ಟಿದ್ದಾರೆ. ಇದರಲ್ಲಿ ಗುಂಡು ಹಾರಿಸುವ ಕೆಲಸವಿಲ್ಲ, ನೌಕೆಯನ್ನು ಕೈಯಾರೆ ನಡೆಸುವ ಕೆಲಸವೂ ಇಲ್ಲ. ಆಡುವವರು ಬಾಹ್ಯಾಕಾಶ ಸಂಸ್ಥೆಯೊಂದರ ನಿರ್ದೇಶಕರು. 1957ರಿಂದ ಆರಂಭಿಸಿ, ವರ್ಷಕ್ಕೆ ವಸಂತ ಮತ್ತು ಶರತ್ಕಾಲ ಎಂಬ ಎರಡು ಸರದಿಗಳಲ್ಲಿ, ಇರುವ ಹಣವನ್ನು ಯಾವ ರಾಕೆಟ್ಟಿಗೆ, ಯಾವ ನೌಕೆಗೆ, ಎಷ್ಟು ಮಂದಿ ಗಗನಯಾತ್ರಿಗಳ ತರಬೇತಿಗೆ ವಿನಿಯೋಗಿಸಬೇಕೆಂದು ಅವರು ತೀರ್ಮಾನಿಸಬೇಕು. ಒಬ್ಬರ ಸರದಿ ನಡೆಯುವಾಗ ಇನ್ನೊಬ್ಬರು ತೆರೆಯನ್ನು ನೋಡಬಾರದು. ಹಾಗಾಗಿ ಆ ದಿನದ ಅರ್ಧ ಭಾಗವನ್ನು ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕಳೆದೆ.

ಸೋವಿಯತ್ ಪಕ್ಷವನ್ನು ನಾನೇ ಕೇಳಿ ಪಡೆದಿದ್ದೆ. ನಾನು ಶಾಲೆಯಲ್ಲಿದ್ದ ಕಾಲಕ್ಕೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಗಳಿಂದ ಪಠ್ಯಪುಸ್ತಕಗಳಿಗೆ ಹೊದಿಕೆ ಹಾಕುವುದು ಮನೆಮನೆಯ ರೂಢಿಯಾಗಿತ್ತು, ನನ್ನ ಗಣಿತದ ಪುಸ್ತಕದ ಮೇಲೆ ಗಗಾರಿನ್ ವರ್ಷವಿಡೀ ನಗುತ್ತಿದ್ದ. ಆ ಹಾಳೆಗಳಲ್ಲಿ ಸ್ಪುಟ್ನಿಕ್ ಉಪಗ್ರಹವಿತ್ತು, ಗಗಾರಿನ್ ಹಾರಿದ ವೋಸ್ತೋಕ್ ನೌಕೆಯಿತ್ತು, ಲಿಯೊನೊವ್ ನೌಕೆಯಿಂದ ಹೊರಬಂದು ತೇಲಿದ ಚಿತ್ರವಿತ್ತು. ಆದರೆ ಚಂದ್ರನಿಗೆ ಮನುಷ್ಯರನ್ನು ಒಯ್ಯಲೆಂದು ಅದೇ ದೇಶ ಕಟ್ಟಿದ್ದ ಎನ್-1 ಎಂಬ ದೈತ್ಯ ರಾಕೆಟ್ಟಿನ ಸುಳಿವೇ ಇರಲಿಲ್ಲ. ಅಂಥದೊಂದು ರಾಕೆಟ್ ಇತ್ತೆಂಬುದನ್ನು ಮಾಸ್ಕೋ ಬಹಿರಂಗವಾಗಿ ಒಪ್ಪಿಕೊಂಡದ್ದು 1989ರಲ್ಲಿ. ಅಷ್ಟು ಮುಂದಿದ್ದವರು ಕೊನೆಗೆ ಹಿಂದೆ ಬಿದ್ದದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಅದರ ಬಗ್ಗೆ ಓದಿಕೊಂಡಿದ್ದೆನಾದರೂ, ಓದಿದ್ದರ ಭಾರ ಹೆಗಲಿಗೆ ತಟ್ಟಿದ್ದು ಆ ಭಾನುವಾರವೇ.

ಆಟದ ಜೀವಾಳ ಒಂದು ಅಂಕಿ. ಪ್ರತಿಯೊಂದು ರಾಕೆಟ್ಟಿಗೂ ನೌಕೆಗೂ, ಬಾಹ್ಯಾಕಾಶ ನಡಿಗೆಯ ಉಡುಪಿಗೂ ಶೇಕಡಾವಾರು ಲೆಕ್ಕದಲ್ಲಿ ಒಂದು ಸುರಕ್ಷತೆಯ ಮಟ್ಟವಿರುತ್ತದೆ. ಹಣ ಕೊಟ್ಟು ಸಂಶೋಧಕರ ತಂಡಗಳನ್ನು ತೊಡಗಿಸಿದರೆ ಆ ಅಂಕಿ ಸರದಿಯಿಂದ ಸರದಿಗೆ ಏರುತ್ತದೆ. ಆದರೆ ಪ್ರಯೋಗಾಲಯದಲ್ಲಿ ಅದು ಒಂದು ಎತ್ತರದವರೆಗೆ ಏರಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಹಣ ಸುರಿದರೂ ಪ್ರಯೋಜನವಿಲ್ಲ, ಉಳಿದ ಒಂದೊಂದು ಅಂಕವನ್ನೂ ನಿಜವಾಗಿ ಹಾರಿಸಿಯೇ ಗಳಿಸಬೇಕು. ಆಟವನ್ನು ರೂಪಿಸಿದವರ ಮೇಲೆ ನನಗೆ ಅಪಾರ ಗೌರವ ಮೂಡಿದ್ದು ಈ ಒಂದು ನಿಯಮದಿಂದ, ಏಕೆಂದರೆ ಆ ಸ್ಪರ್ಧೆಯ ಇಡೀ ಇತಿಹಾಸ ಅದರೊಳಗಿದೆ.

ಶೇಕಡಾ 90 ಎಂಬುದು ಕಿವಿಗೆ ದೊಡ್ಡ ಅಂಕಿಯಾಗಿ ಕೇಳಿಸುತ್ತದೆ. ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿನ ಮೇಲೆ ಅವನೇ ಲೆಕ್ಕ ಹಾಕಿ ತೋರಿಸಿದ. ಒಂದು ಯಾನವೆಂದರೆ ಉಡಾವಣೆ, ಕಕ್ಷೆ ಸೇರುವುದು, ಇನ್ನೊಂದು ನೌಕೆಯೊಡನೆ ಜೋಡಣೆ, ಬಾಹ್ಯಾಕಾಶ ನಡಿಗೆ, ವಾತಾವರಣಕ್ಕೆ ಮರುಪ್ರವೇಶ ಹೀಗೆ ಹಲವು ಹಂತಗಳು, ಪ್ರತಿ ಹಂತದಲ್ಲೂ ಅದೃಷ್ಟದ ದಾಳ ಉರುಳುತ್ತದೆ. ಎಂಟು ಹಂತಗಳಿದ್ದು ಪ್ರತಿ ಹಂತದ ಸುರಕ್ಷತೆ ಶೇಕಡಾ 90 ಇದ್ದರೆ, ಒಂದೂ ತೊಡಕಿಲ್ಲದೆ ಯಾನ ಮುಗಿಯುವ ಸಾಧ್ಯತೆ ಕೇವಲ ಶೇಕಡಾ 43. ಅದೇ 95 ಇದ್ದರೆ 66, 98 ಇದ್ದರೆ 85. ಎಲ್ಲ ತೊಡಕುಗಳೂ ಜೀವ ತೆಗೆಯುವುದಿಲ್ಲ, ಕೆಲವಕ್ಕೆ ಯಾನ ಮೊಟಕಾಗುತ್ತದೆ, ಕೆಲವು ಏನೂ ಮಾಡದೆ ಹಾದುಹೋಗುತ್ತವೆ. ಆದರೂ 90ರಿಂದ 98ಕ್ಕೆ ಏರುವ ಆ ಎಂಟು ಅಂಕಗಳಲ್ಲಿ ಎಷ್ಟು ಜನರ ಪ್ರಾಣ ಅಡಗಿದೆ ಎಂಬುದನ್ನು ಆ ಹಾಳೆ ನೋಡಿದ ಮೇಲೆ ಮರೆಯಲಾಗುವುದಿಲ್ಲ.

ಮೊದಲ ಕೆಲವು ವರ್ಷಗಳು ಬೇಗ ಸರಿದವು. ನನ್ನ ಸ್ಪುಟ್ನಿಕ್ ಮೊದಲು ಕಕ್ಷೆ ಸೇರಿತು, ಅವನ ಮರ್ಕ್ಯುರಿ ನೌಕೆ ನನ್ನ ವೋಸ್ತೋಕ್‌ಗಿಂತ ಮೊದಲು ಮನುಷ್ಯನನ್ನು ಒಯ್ದಿತು. ಯಾವ ಸಾಧನೆಯನ್ನೇ ಆಗಲಿ ಮೊದಲು ಮಾಡಿದವರಿಗೆ ದೊಡ್ಡ ಪ್ರತಿಷ್ಠೆ, ಎರಡನೆಯವರಿಗೆ ಅಲ್ಪ. ಪ್ರತಿಷ್ಠೆ ಕುಗ್ಗಿದರೆ ಸರ್ಕಾರ ಕೊಡುವ ಹಣವೂ ಕುಗ್ಗುತ್ತದೆ. ಇಬ್ಬರೂ 1965ಕ್ಕೆ ಬರುವ ಹೊತ್ತಿಗೆ ಅವನ ಮುಂದಿನ ನೌಕೆ ಜೆಮಿನಿ ಸಿದ್ಧವಾಗಿತ್ತು, ನನ್ನ ಮುಂದಿನ ನೌಕೆ ಸೋಯುಜ್ ಪ್ರಯೋಗಾಲಯದ ಮಿತಿಯನ್ನು ಮುಟ್ಟಿ ಎಂಬತ್ತರ ಆಸುಪಾಸಿನಲ್ಲಿ ನಿಂತಿತ್ತು. ಆಗಲೇ ಸಿಬ್ಬಂದಿಯನ್ನು ಕೂರಿಸಿ ಹಾರಿಸಿದರೆ ಅವನನ್ನು ಹಿಂದೆ ಹಾಕಬಹುದಾಗಿತ್ತು. ನಡುವಿನ ಮೈಲಿಗಲ್ಲುಗಳನ್ನು ಬಿಟ್ಟು ಜಿಗಿಯಲೂ ಆಟ ಅವಕಾಶ ಕೊಡುತ್ತದೆ, ಆದರೆ ಬಿಟ್ಟ ಪ್ರತಿಯೊಂದು ಮೈಲಿಗಲ್ಲಿಗೂ ಸುರಕ್ಷತೆಯ ಅಂಕಿಯಲ್ಲಿ ದಂಡ ಬೀಳುತ್ತದೆ.

ಇತಿಹಾಸದಲ್ಲಿ ಇದೇ ತಿರುವಿನಲ್ಲಿ ನಿಂತವರು ಸೋವಿಯತ್ ರಾಕೆಟ್ಟು, ನೌಕೆಗಳ ಮುಖ್ಯ ವಿನ್ಯಾಸಕ ಸೆರ್ಗೆಯ್ ಕೊರೊಲ್ಯೊವ್. ಇಬ್ಬರನ್ನು ಒಯ್ಯುವ ಜೆಮಿನಿ ಬರಲಿದೆ ಎಂದು ತಿಳಿದಾಗ ಸೋವಿಯತ್ ನಾಯಕತ್ವಕ್ಕೆ ಅದಕ್ಕಿಂತ ಮೊದಲು ಮೂವರು ಹಾರಬೇಕಿತ್ತು, ಸೋಯುಜ್ ಇನ್ನೂ ಕಾಗದದ ಮೇಲಿತ್ತು. ಹಾಗಾಗಿ ಒಬ್ಬನಿಗಾಗಿ ಮಾಡಿದ್ದ ವೋಸ್ತೋಕ್ ನೌಕೆಯನ್ನೇ ತಿದ್ದಿ, ಹೊರಚಿಮ್ಮುವ ಆಸನವನ್ನು ತೆಗೆದು, ಮೂರು ಆಸನಗಳನ್ನು ಇಕ್ಕಟ್ಟಿನಲ್ಲಿ ಕೂರಿಸಿ ವೋಸ್ಖೋದ್ ಎಂದು ಕರೆದರು. ಬಾಹ್ಯಾಕಾಶ ಉಡುಪು ತೊಟ್ಟರೆ ಮೂವರಿಗೆ ಜಾಗ ಸಾಲದು, ಆದ್ದರಿಂದ ಉಡುಪೇ ಇಲ್ಲದೆ ಅವರು 1964ರ ಅಕ್ಟೋಬರ್ 12ರಂದು ಹಾರಿದರು. ಅದಕ್ಕೆ ಆರು ದಿನ ಮೊದಲು ನಡೆದದ್ದು ಒಂದೇ ಒಂದು ಮಾನವರಹಿತ ಪರೀಕ್ಷೆ. ಆ ಯಾನ ಸುರಕ್ಷಿತವಾಗಿ ಮುಗಿಯಿತು, ಜಗತ್ತು ಬೆರಗಾಯಿತು. ದಾಳ ಅಂದು ಒಳ್ಳೆಯ ಕಡೆಗೆ ಉರುಳಿತ್ತು ಎಂಬುದಕ್ಕಿಂತ ಹೆಚ್ಚಿನದನ್ನು ಅದರ ಬಗ್ಗೆ ಹೇಳಲು ನನಗೆ ಮನಸ್ಸು ಬಾರದು.

ನಾನು ಸೋಯುಜ್ ನೌಕೆಯನ್ನು ಖಾಲಿಯಾಗಿಯೇ ಹಾರಿಸಿದೆ. ಮುಂದಿನ ಸರದಿಯಲ್ಲೂ ಖಾಲಿಯಾಗಿಯೇ ಕಳಿಸಿದೆ. ಯಾನವೊಂದನ್ನು ಒಂದು ಸರದಿಯಲ್ಲಿ ಗೊತ್ತುಮಾಡಿ ಮುಂದಿನ ಸರದಿಯಲ್ಲಿ ಹಾರಿಸಬೇಕಾದ್ದರಿಂದ ಪ್ರತಿ ಪರೀಕ್ಷೆಯೂ ಅರ್ಧ ವರ್ಷವನ್ನು ತಿಂದುಹಾಕುತ್ತದೆ. ಪ್ರತಿ ಯಶಸ್ಸಿಗೂ ಸಿಗುವುದು ಅಂಕಿಯಲ್ಲಿ ಸಣ್ಣದೊಂದು ಏರಿಕೆ. ಪ್ರತಿಷ್ಠೆ ಸಿಗುವುದಿಲ್ಲ, ಪತ್ರಿಕೆಯ ಶೀರ್ಷಿಕೆಯೂ ಆಗುವುದಿಲ್ಲ. ಅಷ್ಟರಲ್ಲಿ ಅಣ್ಣನ ಮಗ ಬಾಹ್ಯಾಕಾಶ ನಡಿಗೆಯನ್ನೂ ಜೋಡಣೆಯನ್ನೂ ಮೊದಲು ಸಾಧಿಸಿ, ಹೊಸ ವರ್ಷದ ಹಂಚಿಕೆಯಲ್ಲಿ ನನಗಿಂತ ಬಹಳ ಹೆಚ್ಚು ಹಣ ಪಡೆದ. ಎದುರಾಳಿ ಗೆಲ್ಲುತ್ತಿರುವುದನ್ನು ಕಣ್ಣಾರೆ ಕಾಣುತ್ತಾ ಖಾಲಿ ನೌಕೆಯನ್ನು ಮತ್ತೊಮ್ಮೆ ಹಾರಿಸುವುದಕ್ಕೆ ಎಂಥ ಮನೋಸ್ಥೈರ್ಯ ಬೇಕೆಂಬುದು ನನಗೆ ಆಗ ಅರಿವಾಯಿತು. ನಾನಾದರೋ ಆಡುತ್ತಿದ್ದವನು. ನಿಜವಾದ ನಿರ್ದೇಶಕರ ಹಿಂದೆ ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋ ನಿಂತಿತ್ತು, ಮೇ ದಿನದ ಮೆರವಣಿಗೆ ಕಾಯುತ್ತಿತ್ತು.

ನಿಜವಾದ ಸೋಯುಜ್‌ನ ಮೊದಲ ಮಾನವರಹಿತ ಹಾರಾಟ ನಡೆದದ್ದು 1966ರ ನವೆಂಬರಿನಲ್ಲಿ, ನೌಕೆ ಹಿಡಿತಕ್ಕೆ ಸಿಗಲಿಲ್ಲ. ಡಿಸೆಂಬರಿನ ಎರಡನೆಯದು ಉಡಾವಣಾ ಕಟ್ಟೆಯಲ್ಲೇ ನಾಶವಾಯಿತು. ಮುಂದಿನ ಫೆಬ್ರವರಿಯ ಮೂರನೆಯದರಲ್ಲಿ ಶಾಖ ಕವಚದಲ್ಲಿ ತೂತು ಬಿದ್ದು, ನೌಕೆ ಹೆಪ್ಪುಗಟ್ಟಿದ ಅರಲ್ ಸಮುದ್ರದ ಮೇಲೆ ಇಳಿದು ಮುಳುಗಿತು. ಒಂದೂ ನಿರ್ದೋಷವಾಗಿ ನಡೆಯದಿದ್ದರೂ ನಾಲ್ಕನೆಯದರಲ್ಲಿ ವ್ಲಾದಿಮಿರ್ ಕೊಮರೊವ್ ಕುಳಿತರು. 1967ರ ಏಪ್ರಿಲ್ 23ರಂದು ಹಾರಿದ ಸೋಯುಜ್ 1ರ ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ಅದರ ಜೊತೆ ಜೋಡಣೆಯಾಗಬೇಕಿದ್ದ ಎರಡನೆಯ ನೌಕೆಯ ಉಡಾವಣೆಯನ್ನು ಕೈಬಿಟ್ಟರು. ಮರುದಿನ ಹಿಂದಿರುಗುವಾಗ ಮುಖ್ಯ ಪ್ಯಾರಾಶೂಟ್ ಹೊರಬರದೆ, ಮೀಸಲು ಪ್ಯಾರಾಶೂಟ್ ಸುತ್ತಿಕೊಂಡು, ಕೊಮರೊವ್ ನೆಲಕ್ಕಪ್ಪಳಿಸಿ ತೀರಿಕೊಂಡರು. ಆ ಯಾನಕ್ಕೆ ಅವರ ಬದಲಿಯಾಗಿ ಸಿದ್ಧನಾಗಿದ್ದವನು ಗಗಾರಿನ್. ನನ್ನ ಪುಸ್ತಕದ ಹೊದಿಕೆಯ ಮೇಲಿನ ಆ ನಗುವಿಗೂ ಆ ಸಾವಿಗೂ ನಡುವೆ ಇದ್ದ ಅಂತರ ಇಷ್ಟೇ.

ಅಮೆರಿಕದ ಕಡೆಗೂ ಅದೇ ವರ್ಷ ಕರಾಳವಾಗಿತ್ತು. ಜನವರಿ 27ರಂದು ಅಪೊಲೊ 1ರ ನೆಲದ ಮೇಲಿನ ಪೂರ್ವಾಭ್ಯಾಸದಲ್ಲಿ ಬೆಂಕಿ ಹತ್ತಿಕೊಂಡು ಗ್ರಿಸ್ಸಮ್, ವೈಟ್ ಮತ್ತು ಚಾಫೀ ಮೂವರೂ ತೀರಿಕೊಂಡಿದ್ದರು. ನಮ್ಮ ಆಟದಲ್ಲಿ ದುರಂತ ಎರಗಿದ್ದು ಅಣ್ಣನ ಮಗನ ಪಾಲಿಗೆ. ಅವನ ಅಪೊಲೊ ತೊಂಬತ್ತನ್ನು ದಾಟಿತ್ತು, ಭೂಕಕ್ಷೆಯ ಸಾಮಾನ್ಯ ಯಾನ, ಹಂತದಿಂದ ಹಂತಕ್ಕೆ ಹಳೆಯ ನಿಜ ಚಲನಚಿತ್ರದ ತುಣುಕುಗಳು ತೆರೆಯ ಮೇಲೆ ಮಸುಕಾಗಿ ಓಡುತ್ತಿದ್ದವು. ಯಾನ ನಡೆಯುವಾಗ ಇಬ್ಬರೂ ನೋಡಬಹುದಾದ್ದರಿಂದ ನಾನೂ ತಿರುಗಿ ಕುಳಿತಿದ್ದೆ. ಮರುಪ್ರವೇಶದ ಹಂತದಲ್ಲಿ ದಾಳ ತಪ್ಪಿತು. ಸಿಬ್ಬಂದಿ ಮೃತಪಟ್ಟರೆಂದು ಒಂದು ಸಾಲು ಮೂಡಿತು. ಸಿಬ್ಬಂದಿಯ ಸಾಮರ್ಥ್ಯಗಳನ್ನು ನೋಡಿ, ಪರಸ್ಪರ ಹೊಂದಿಕೊಳ್ಳುವವರನ್ನು ಆರಿಸಿ, ಹಲವು ಸರದಿಗಳ ಕಾಲ ತರಬೇತಿ ಕೊಡಿಸಿದವನು ಅವನೇ. ಅವನು ಏನೂ ಆಡದೆ ಎದ್ದು ಹೋಗಿ ನೀರು ಕುಡಿದು ಬಂದ. ಆಮೇಲೆ ಸಂಶೋಧನಾ ವಿಭಾಗವನ್ನು ತೆರೆದು, ಕುಸಿದಿದ್ದ ಅಂಕಿಯನ್ನು ಮೇಲೆತ್ತಲು ತನ್ನ ಬಹುಪಾಲು ಹಣವನ್ನು ಅಲ್ಲಿಗೇ ಹಾಕಿದ. ಭಾರತದ ಗಗನಯಾನ ಯೋಜನೆಯ ಟಿವಿ-ಡಿ1 ಎಂಬ ಪರೀಕ್ಷೆಯನ್ನು, 2023ರ ಅಕ್ಟೋಬರ್ 21ರಂದು, ಅವನು ನೇರಪ್ರಸಾರದಲ್ಲಿ ನೋಡಿದ್ದನಂತೆ. ಎಣಿಕೆ ಐದು ಸೆಕೆಂಡ್ ಇರುವಾಗ ನಿಂತು, ಅದೇ ಬೆಳಿಗ್ಗೆ ಮತ್ತೆ ಆರಂಭವಾಗಿ, ಖಾಲಿ ಕೋಶವೊಂದನ್ನು ರಾಕೆಟ್ಟಿನಿಂದ ಪಾರು ಮಾಡಿ ಸಮುದ್ರಕ್ಕಿಳಿಸಿದ ಪರೀಕ್ಷೆ ಅದು. ಒಳಗೆ ಯಾರೂ ಇಲ್ಲದ ಕೋಶಕ್ಕೆ ಅಷ್ಟು ಜನ ಏಕೆ ಉಸಿರು ಬಿಗಿಹಿಡಿದಿದ್ದರು ಎಂಬುದು ಈಗ ಅರ್ಥವಾಯಿತು ಎಂದ.

ಮಧ್ಯಾಹ್ನದ ನಂತರ ನಾನು ಎನ್-1ಕ್ಕೆ ಕೈಹಾಕಿದೆ. ಆಟದಲ್ಲಿ ಅದು ದುಬಾರಿ ರಾಕೆಟ್, ಆದರೆ ಖಾಲಿ ಹಾರಾಟಗಳಿಂದ ಅದನ್ನೂ ಪಳಗಿಸಬಹುದು. ನಿಜದಲ್ಲಿ ಅದರ ಮೊದಲ ಹಂತದಲ್ಲಿ 30 ಎಂಜಿನುಗಳಿದ್ದವು. ಇಡೀ ಹಂತವನ್ನು ನೆಲಕ್ಕೆ ಬಿಗಿದು ಒಟ್ಟಿಗೆ ಉರಿಸಿ ನೋಡುವ ಪರೀಕ್ಷಾ ಕಟ್ಟೆಯನ್ನು ಕಟ್ಟಲು ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಒಮ್ಮೆ ಉರಿಸಿದ ಎಂಜಿನನ್ನು ಮತ್ತೆ ಬಳಸುವಂತಿಲ್ಲದ ಕಾರಣ ಒಟ್ಟಿಗೆ ತಯಾರಾದ ಪ್ರತಿ ಗುಂಪಿನಿಂದ ಕೆಲವನ್ನು ಮಾತ್ರ ಪರೀಕ್ಷಿಸಿ, ಉಳಿದವು ಸರಿಯಿವೆಯೆಂದು ನಂಬಿದರು. ಅಮೆರಿಕನ್ನರೂ ಸ್ಯಾಟರ್ನ್ 5 ರಾಕೆಟ್ಟನ್ನು ಹಂತಹಂತವಾಗಿ ಹಾರಿಸದೆ, 1967ರ ನವೆಂಬರ್ 9ರ ಮೊದಲ ಹಾರಾಟದಲ್ಲೇ ಮೂರೂ ಹಂತಗಳನ್ನು ಒಟ್ಟಿಗೆ ಹಾರಿಸುವ ಧೈರ್ಯ ಮಾಡಿದ್ದರು. ಆದರೆ ಅವರ ಮೊದಲ ಹಂತದ ಐದು ಎಂಜಿನುಗಳು ಅಷ್ಟರಲ್ಲಿ ನೆಲದ ಮೇಲೆ ಒಟ್ಟಿಗೆ ಉರಿದು ಪರೀಕ್ಷೆಗೊಳಗಾಗಿದ್ದವು. ಅವರಿಗೆ ನೆಲದಲ್ಲಿ ಸಿಕ್ಕಿದ ಅಂಕಗಳನ್ನು ಸೋವಿಯತ್ ಜನ ಆಕಾಶದಲ್ಲಿ ಗಳಿಸಬೇಕಾಯಿತು. ಎನ್-1 ನಾಲ್ಕು ಸಲ ಹಾರಿತು, 1969ರ ಫೆಬ್ರವರಿಯಿಂದ 1972ರ ನವೆಂಬರ್‌ವರೆಗೆ, ನಾಲ್ಕೂ ಸಲ ಮೊದಲ ಹಂತ ಉರಿಯುತ್ತಿರುವಾಗಲೇ ವಿಫಲವಾಯಿತು. ಅಪೊಲೊ 11 ಹೊರಡುವುದಕ್ಕೆ ಎರಡು ವಾರವೂ ಉಳಿಯದಿದ್ದಾಗ, ಜುಲೈ 3ರಂದು, ಎರಡನೆಯದು ತನ್ನ ಉಡಾವಣಾ ಕಟ್ಟೆಯ ಮೇಲೆಯೇ ಬಿದ್ದು ಅದನ್ನು ಧ್ವಂಸಮಾಡಿತು. ನಾಲ್ಕನೆಯದು ಸುಮಾರು 107 ಸೆಕೆಂಡ್ ಉರಿದು, ಹಂತ ಬೇರ್ಪಡುವುದಕ್ಕೆ ಸ್ವಲ್ಪವೇ ಮೊದಲು ಹಾಳಾಯಿತು. ಪ್ರತಿ ಹಾರಾಟದಲ್ಲೂ ಅಂಕಿ ಏರುತ್ತಿತ್ತು ಎಂದೇ ನಾನು ನಂಬುತ್ತೇನೆ. ಐದನೆಯದಕ್ಕೆ ಅವಕಾಶ ಕೊಡದೆ 1974ರಲ್ಲಿ ಯೋಜನೆಯನ್ನು ನಿಲ್ಲಿಸಿದರು, ಕೊರೊಲ್ಯೊವ್ ಅದಕ್ಕೂ ಎಂಟು ವರ್ಷ ಮೊದಲೇ, 1966ರ ಜನವರಿಯಲ್ಲಿ, ತೀರಿಕೊಂಡಿದ್ದರು.

ಕತ್ತಲಾಗುವ ಹೊತ್ತಿಗೆ ಅಣ್ಣನ ಮಗ ಆಟದ 1972ರಲ್ಲಿ ಚಂದ್ರನ ಮೇಲಿಳಿದ. ನನ್ನ ಎನ್-1 ಅಷ್ಟರಲ್ಲಿ ನಂಬಿಕೆಗೆ ಅರ್ಹವಾಗಿತ್ತು, ನನ್ನ ಸಿಬ್ಬಂದಿಯಲ್ಲಿ ಒಬ್ಬರೂ ಸತ್ತಿರಲಿಲ್ಲ.

ಆಟದ ಬಗ್ಗೆ ನನಗಿರುವ ದೊಡ್ಡ ತಕರಾರು ಕೂಡ ಇಲ್ಲೇ ಇದೆ. ಎರಡೂ ಪಕ್ಷಗಳಿಗೆ ಅದು ಒಬ್ಬೊಬ್ಬ ನಿರ್ದೇಶಕನನ್ನು ಕೊಟ್ಟು, ಎಲ್ಲ ಹಣವನ್ನೂ ಅವನ ಕೈಗೇ ಒಪ್ಪಿಸುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಅಂಥ ಒಬ್ಬ ವ್ಯಕ್ತಿ ಇರಲೇ ಇಲ್ಲ. ಕೆನಡಿ ಚಂದ್ರನ ಗುರಿಯನ್ನು ಸಾರಿದ್ದು 1961ರ ಮೇ ತಿಂಗಳಲ್ಲಿ. ಮಾಸ್ಕೋ ಅದನ್ನು ಅಧಿಕೃತವಾಗಿ ಕೈಗೆತ್ತಿಕೊಂಡದ್ದು 1964ರ ಆಗಸ್ಟಿನಲ್ಲಿ, ಅದೂ ಚಂದ್ರನನ್ನು ಸುತ್ತಿ ಬರುವ ಕೆಲಸವನ್ನು ಇನ್ನೊಬ್ಬ ವಿನ್ಯಾಸಕ ಚೆಲೊಮೆಯ್ ಅವರ ಸಂಸ್ಥೆಗೂ ಇಳಿಯುವ ಕೆಲಸವನ್ನು ಕೊರೊಲ್ಯೊವ್ ಅವರ ಸಂಸ್ಥೆಗೂ ಬೇರೆಬೇರೆಯಾಗಿ ಹಂಚಿ. ಎಂಜಿನುಗಳಲ್ಲಿ ಪರಿಣತರಾಗಿದ್ದ ಗ್ಲುಷ್ಕೊ ಇಂಧನದ ವಿಷಯದಲ್ಲಿ ಕೊರೊಲ್ಯೊವ್ ಜೊತೆ ಜಗಳವಾಡಿ ದೂರ ಉಳಿದರು. ವಿಮಾನದ ಎಂಜಿನುಗಳನ್ನು ಮಾಡುತ್ತಿದ್ದ ಕುಜ್ನೆತ್ಸೊವ್ ಅವರ ಕಡೆಗೆ ಕೊರೊಲ್ಯೊವ್ ಹೋಗಬೇಕಾಯಿತು, ಅಷ್ಟೊಂದು ಸಣ್ಣ ಎಂಜಿನುಗಳನ್ನು ಒಟ್ಟುಗೂಡಿಸಬೇಕಾಗಿ ಬಂದದ್ದು ಅದರಿಂದಲೇ. ಇದನ್ನೆಲ್ಲ ಕೇಳಿಸಿಕೊಂಡ ಹುಡುಗ, ಹಾಗಾದರೆ ಆಟವನ್ನು ಹಾಗೆಯೇ ಆಡಿ ನೋಡೋಣ ಎಂದ. ಊಟದ ನಂತರ ಅವನು ಸೋವಿಯತ್ ಪಕ್ಷ ವಹಿಸಿಕೊಂಡು, ರಾಕೆಟ್ಟಿನ ಹಣವನ್ನು ಚೆಲೊಮೆಯ್ ಅವರ ಪ್ರೋಟಾನ್‌ಗೂ ಎನ್-1ಕ್ಕೂ ಸಮನಾಗಿ ಹಂಚಲೇಬೇಕು, ಚಂದ್ರನ ಕೆಲಸವನ್ನು 1964ರ ಶರತ್ಕಾಲಕ್ಕೆ ಮೊದಲು ಮುಟ್ಟಲೇಬಾರದು ಎಂಬ ಎರಡು ನಿಯಮಗಳನ್ನು ತಾನೇ ಹಾಕಿಕೊಂಡ. ಆಟದ 1968ರ ವಸಂತ ಬಂದಾಗ ಅವನ ಎರಡೂ ರಾಕೆಟ್ಟುಗಳು ಸಿಬ್ಬಂದಿಯನ್ನು ಕೂರಿಸಬಹುದಾದ ಮಟ್ಟವನ್ನು ಮುಟ್ಟಿರಲಿಲ್ಲ, ನನ್ನ ಸ್ಯಾಟರ್ನ್ 5 ಎರಡನೆಯ ಖಾಲಿ ಹಾರಾಟವನ್ನು ಮುಗಿಸಿತ್ತು.