ಪೆಡಲ್ ಬಿಚ್ಚಿದ ಸೈಕಲ್ಲು

2025 ಏಪ್ರಿಲ್ 27, ಭಾನುವಾರ
ಬಳ್ಳಾರಿ

"ಅಮಾಸಿ ದಿನ ಹೊಸದು ಏನೂ ಶುರು ಮಾಡಬ್ಯಾಡಪ್ಪ" ಎಂದು ಅವ್ವ ನಿನ್ನೆ ರಾತ್ರಿಯೇ ಹೇಳಿದ್ದಳು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಾಕಿ ಉತ್ತರ ಕೊಟ್ಟಳು: "ಅಜ್ಜಿ, ನಾವು ಏನೂ ಶುರು ಮಾಡ್ತಿಲ್ಲ, ಬಿಚ್ತಾ ಇದ್ದೀವಿ ಅಷ್ಟೇ." ಏಳು ವರ್ಷದವಳ ಈ ವಾದಕ್ಕೆ ಅವ್ವ ಸುಮ್ಮನಾದಳು. ಹಾಗಾಗಿ ಇವತ್ತು ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ಹಳೇ ಪೇಪರ್ ಹಾಸಿ, ಸೈಕಲ್ಲಿನ ಎರಡು ಪಕ್ಕದ ಗಾಲಿ, ಎರಡು ಪೆಡಲ್ ಬಿಚ್ಚಿ ಸಾಲಾಗಿ ಇಟ್ಟೆವು. ಸಣ್ಣಾತ ಅವನ್ನು ಎಣಿಸಿ, "ನಾಲ್ಕು ಉಳದಾವು" ಎಂದು ಅಡುಗೆಮನೆಗೆ ವರದಿ ಒಪ್ಪಿಸಿ ಬಂದ.

ಪಕ್ಕದ ಗಾಲಿ ಹಾಕಿಯೇ ಸೈಕಲ್ ಕಲಿಯಬೇಕು ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಅಂಗಡಿಯಲ್ಲೂ ಹಾಕಿಯೇ ಕೊಡುತ್ತಾರೆ. ಆದರೆ ಆ ಗಾಲಿ ಇರುವಷ್ಟು ದಿನ ಮಗು ಓಡಿಸುವುದು ಮೂರು ಗಾಲಿಯ ಸೈಕಲ್ಲನ್ನೇ. ಎರಡು ಗಾಲಿಯ ಸೈಕಲ್ ಬಲಕ್ಕೆ ತಿರುಗಬೇಕಾದರೆ ಬಲಕ್ಕೆ ವಾಲಬೇಕು. ಪಕ್ಕದ ಗಾಲಿ ವಾಲುವುದಕ್ಕೇ ಬಿಡುವುದಿಲ್ಲ. ಮಗು ಹ್ಯಾಂಡಲ್ ತಿರುಗಿಸುತ್ತದೆ, ಮೈ ಹೊರಗಡೆಗೆ ಎಳೆಯುತ್ತದೆ, ಒಂದು ಕಡೆಯ ಗಾಲಿ ಅದನ್ನು ತಡೆದು ಹಿಡಿಯುತ್ತದೆ. ಹೀಗೆ ಆರು ತಿಂಗಳು ಓಡಿಸಿದ ಮಗುವಿಗೆ ತುಳಿಯುವುದು ಚೆನ್ನಾಗಿ ಬಂದಿರುತ್ತದೆ, ಬ್ಯಾಲೆನ್ಸ್ ಮಾತ್ರ ಮೊದಲ ದಿನ ಇದ್ದಲ್ಲೇ ಇರುತ್ತದೆ. ತುಳಿಯುವುದು ಯಾವ ಮಗುವಾದರೂ ಹತ್ತು ನಿಮಿಷದಲ್ಲಿ ಕಲಿಯುವ ಕೆಲಸ. ಕಷ್ಟದ್ದನ್ನು ಮೊದಲು ಕಲಿಯಲಿ ಅಂತಲೇ ಪೆಡಲ್ ಬಿಚ್ಚುವುದು.

ಬಿಚ್ಚುವಾಗ ಒಂದು ವಿಷಯ ತಿಳಿದಿರಬೇಕು. ಬಲಗಡೆಯ ಪೆಡಲ್ ಎಲ್ಲ ಬೋಲ್ಟಿನಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದರ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ; ಅದನ್ನು ಬಲಕ್ಕೆ ತಿರುಗಿಸಬೇಕು. ಎರಡೂ ಒಂದೇ ತರ ಇದ್ದಿದ್ದರೆ ತುಳಿಯುತ್ತಾ ತುಳಿಯುತ್ತಾ ಎಡಗಡೆಯದು ತಾನಾಗಿ ಸಡಿಲವಾಗುತ್ತಿತ್ತು. ಇದು ಗೊತ್ತಿಲ್ಲದೆ ಎಡಗಡೆಯ ಪೆಡಲನ್ನು ಜೋರು ಹಾಕಿ "ಬಿಚ್ಚುವವರು" ನಿಜವಾಗಿ ಅದನ್ನು ಇನ್ನೂ ಬಿಗಿ ಮಾಡುತ್ತಿರುತ್ತಾರೆ. ನೆನಪಿಟ್ಟುಕೊಳ್ಳಲು ಒಂದು ಉಪಾಯ ಇದೆ: ಪಾನಾ (ಸ್ಪ್ಯಾನರ್) ಮೇಲ್ಮುಖವಾಗಿ ನಿಲ್ಲುವಂತೆ ಹಿಡಿದು ಹಿಂದಿನ ಗಾಲಿ ಕಡೆಗೆ ಎಳೆದರೆ ಎರಡೂ ಬಿಚ್ಚುತ್ತವೆ, ಮುಂದಿನ ಗಾಲಿ ಕಡೆಗೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ. ಹೆಚ್ಚಿನ ಪೆಡಲ್‌ಗಳಿಗೆ 15 ಮಿ.ಮೀ. ಪಾನಾ ಕೂರುತ್ತದೆ. ದಪ್ಪ ಇರುವ ಪಾನಾ ಆ ಸಂದಿಯಲ್ಲಿ ಹಿಡಿಯುವುದಿಲ್ಲ, ತೆಳ್ಳಗಿನದೇ ಬೇಕು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿ ಎರಡು ಹನಿ ಎಣ್ಣೆ ಬಿಟ್ಟಿಡಿ. ವಾಪಸು ಹಾಕುವಾಗ ಪೆಡಲ್ ತುದಿಯಲ್ಲಿರುವ ಎಲ್, ಆರ್ ಅಕ್ಷರ ನೋಡಿ, ಮೊದಲ ಮೂರು ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಬೇಕು. ಬೆರಳಿಗೆ ತಿರುಗದಿದ್ದರೆ ಮರೆ ಅಡ್ಡ ಕೂತಿದೆ ಅಂತ ಅರ್ಥ. ಅಲ್ಲಿ ಪಾನಾ ಹಾಕಿದರೆ ಪೆಡಲ್ ಅಲ್ಲ, ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೇ ಹಾಳು.

ಸೀಟು. ಮಗು ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸ್ವಲ್ಪ ಮಡಿಸಿರಬೇಕು. ಬರೀ ಬೆರಳು ತಾಗಿದರೆ ಸಾಲದು. ವಯಸ್ಸು ನೋಡಿ ಸೈಕಲ್ ತರುವ ಬದಲು ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ಕಾಲಿನ ಸಂದಿಗೆ ಒಂದು ನೋಟ್‌ಬುಕ್ ಹಿಡಿಸಿ, ಅದರ ಮೇಲಂಚಿಗೆ ಗೋಡೆಯಲ್ಲಿ ಗೆರೆ ಎಳೆದು ಅಳೆಯಿರಿ. ಸೀಟನ್ನು ಪೂರ್ತಿ ಇಳಿಸಿದಾಗ ಅದರ ಎತ್ತರ ಆ ಗೆರೆಗಿಂತ ಒಂದೆರಡು ಸೆಂಟಿಮೀಟರ್ ಕಮ್ಮಿ ಇರಬೇಕು. "ಇನ್ನೆರಡು ವರ್ಷ ಬರಲಿ" ಅಂತ 16 ಇಂಚಿನ ಗಾಲಿಯ ಸೈಕಲ್ ಸರಿಹೋಗುವ ಮಗುವಿಗೆ 20 ಇಂಚಿನ ಗಾಲಿಯದು ತಂದರೆ ಆ ಎರಡು ವರ್ಷ ಸೈಕಲ್ ಮೂಲೆಯಲ್ಲೇ ನಿಂತಿರುತ್ತದೆ. ಅಂಗಿಯನ್ನು ದೊಡ್ಡದು ಹೊಲಿಸಬಹುದು, ಸೈಕಲ್ಲನ್ನು ಹಾಗೆ ತರಬಾರದು.

ಮುನ್ಸಿಪಲ್ ಕಾಲೇಜು ಮೈದಾನಕ್ಕೆ ಹೋದಾಗ ಆರೂವರೆ. ಈ ಊರಿನ ಏಪ್ರಿಲ್‌ನಲ್ಲಿ ಎಂಟರ ಮೇಲೆ ಮಕ್ಕಳನ್ನು ಬಯಲಲ್ಲಿ ಇಟ್ಟುಕೊಳ್ಳಬಾರದು. ಸೈಕಲ್ಲನ್ನೂ ಅಷ್ಟೇ: ಬಿಸಿಲಿಗೆ ನಿಂತ ಕರೀ ಸೀಟು ಒದ್ದೆ ಬಟ್ಟೆಯಲ್ಲಿ ಒರೆಸದೆ ಕೂರುವ ಹಾಗಿರುವುದಿಲ್ಲ. ಹುಲ್ಲಿನ ಮೇಲೆ ಬಿದ್ದರೆ ನೋವಾಗುವುದಿಲ್ಲ ಅಂತ ಕೆಲವರು ಹುಲ್ಲಲ್ಲಿ ಕಲಿಸುತ್ತಾರೆ, ಅಲ್ಲಿ ಗಾಲಿ ಉರುಳುವುದೇ ಇಲ್ಲ. ಉಸುಕಿನಲ್ಲಿ ಮುಂದಿನ ಗಾಲಿ ಜಾರುತ್ತದೆ. ಗಟ್ಟಿ ಮಣ್ಣು, ಕಣ್ಣಿಗೆ ಕಂಡೂ ಕಾಣದಷ್ಟು ಇಳಿಜಾರು, ಹದಿನೈದು ಇಪ್ಪತ್ತು ಹೆಜ್ಜೆ ಉದ್ದ. ಅಷ್ಟು ಸಿಕ್ಕರೆ ಸಾಕು.

ಮೊದಲು ಕೂತುಕೊಂಡೇ ನಡೆಯುವುದು. ಆಮೇಲೆ ಎರಡೂ ಕಾಲಿನಿಂದ ಒಟ್ಟಿಗೆ ನೆಲ ದೂಡುವುದು. ಆಮೇಲೆ ದೂಡಿ ಕಾಲೆತ್ತುವುದು. "ಎಷ್ಟು ಎಣಿಸೋ ತನಕ ಎತ್ತಿ ಹಿಡಿತೀಯ ನೋಡೋಣ" ಅಂದರೆ ಅದು ಆಟವಾಗುತ್ತದೆ. ದೊಡ್ಡಾಕಿ ಮೊದಲು ಒಂದು, ಒಂದು, ಎರಡು ಅಂತ ಹೋಗಿ, ಅರ್ಧ ಗಂಟೆಯಲ್ಲಿ ನಾಲ್ಕಕ್ಕೆ ಬಂದಳು. ಐದು ಎಣಿಸುವಷ್ಟು ಹೊತ್ತು ಕಾಲೆತ್ತಿ, ನಡುವೆ ಸ್ವಲ್ಪ ತಿರುಗಿಸಿ, ಬ್ರೇಕ್ ಹಿಡಿದು ನಿಲ್ಲಿಸಲು ಬಂದ ದಿನ ಪೆಡಲ್ ಹಾಕಬಹುದು. ಅದಕ್ಕೆ ಮುಂಚೆ ಬೇಡ.

ಹಿಡಿದುಕೊಳ್ಳುವ ಅಪ್ಪಂದಿರು ಹ್ಯಾಂಡಲ್ ಹಿಡಿಯಬಾರದು. ಹ್ಯಾಂಡಲ್ ನಮ್ಮ ಕೈಯಲ್ಲಿದ್ದರೆ ಬ್ಯಾಲೆನ್ಸ್ ಮಾಡುವವರೂ ನಾವೇ. ಹಿಡಿಯಲೇಬೇಕಾದರೆ ಹಿಂದಿನಿಂದ ಕಂಕುಳ ಕೆಳಗೆ ಎರಡು ಕೈ ಕೊಡಿ, ಅದೂ ಹಗುರಾಗಿ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ, ಗದ್ದದ ಪಟ್ಟಿಯಲ್ಲಿ ಒಂದು ಬೆರಳು ತೂರುವಷ್ಟು ಜಾಗ. ಚಪ್ಪಲಿ ಬೇಡ, ಬೂಟೇ ಇರಲಿ. ಬಲಗಾಲಿನ ಪ್ಯಾಂಟು ಸಡಿಲ ಇದ್ದರೆ ಮಡಿಸಿ ರಬ್ಬರ್ ಬ್ಯಾಂಡ್ ಹಾಕಬೇಕು, ಚೈನಿಗೆ ಅದೇ ಮೊದಲು ಸಿಕ್ಕಿಕೊಳ್ಳುವುದು.

ಸಣ್ಣಾತ ಇಡೀ ಹೊತ್ತು ಅಕ್ಕನ ಪಕ್ಕದಲ್ಲಿ ಓಡುತ್ತಾ, ಕೈ ಚಾಚಿ ಅವಳ ಬೆಲ್ ಬಾರಿಸುತ್ತಿದ್ದ. ಎದುರಿಗೆ ಒಂದು ಮೇಕೆ. ಅವಳು ಅದನ್ನೇ ನೋಡಿದಳು, ಸೈಕಲ್ಲು ಅದರ ಹತ್ತಿರವೇ ಹೋಯಿತು. ಕಣ್ಣು ಹೋದ ಕಡೆ ಹ್ಯಾಂಡಲ್ ಹೋಗುತ್ತದೆ. "ಮೇಕೆ ನೋಡಬೇಡ" ಅಂದರೆ ಮಕ್ಕಳು ಮೇಕೆಯನ್ನೇ ನೋಡುತ್ತಾರೆ. "ಆ ಬೇವಿನ ಮರ ನೋಡು" ಅನ್ನಬೇಕು. ಎರಡನೇ ಸಲ ಹಾಗೇ ಅಂದೆ. ಸಣ್ಣಾತ ಮೇಕೆಯ ಹತ್ತಿರ ಹೋಗಿ ಅದಕ್ಕೂ ಅದನ್ನೇ ಹೇಳಿದ: "ನೀನೂ ಬೇವಿನ ಮರ ನೋಡು."

ಏಳೂವರೆಗೆ ಹಿಂದಿನ ಗಾಲಿ ಪುಸ್ ಎಂದಿತು. ಜಾಲಿ ಮುಳ್ಳು. ಕರ್ನಾಟಕದಲ್ಲೆಲ್ಲ ಆ ಗಿಡಕ್ಕೆ ಬಳ್ಳಾರಿ ಜಾಲಿ ಅನ್ನುತ್ತಾರೆ, ನಮ್ಮ ಊರಿನ ಹೆಸರು ಅಷ್ಟು ದೂರ ಹೋಗಿರುವುದು ಮುಳ್ಳಿನ ಮೂಲಕ. ಇದರ ಪಂಚರ್ ಒಂದಕ್ಕೆ ಮುಗಿಯುವುದಿಲ್ಲ. ಮುಳ್ಳು ಟೈರಿನೊಳಗೇ ಮುರಿದು ತುದಿ ಉಳಿದುಬಿಡುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿ ಗಾಳಿ ತುಂಬಿದರೆ ನಾಳೆ ಅದೇ ತುದಿ ಅದೇ ಜಾಗದಲ್ಲಿ ಚುಚ್ಚುತ್ತದೆ. ಟೈರಿನ ಒಳಗಡೆ ಒಂದು ಹತ್ತಿ ಬಟ್ಟೆ ಸುತ್ತಲೂ ಆಡಿಸಬೇಕು. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಮುಳ್ಳು. ಸಲ್ಯೂಷನ್ ಹಚ್ಚುವ ಮುಂಚೆ ಸ್ಯಾಂಡ್ ಪೇಪರಿನಿಂದ ಟ್ಯೂಬಿನ ಹೊಳಪು ಹೋಗುವಷ್ಟು ಉಜ್ಜಿ, ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾಯಬೇಕು. ಹಸಿ ಇದ್ದಾಗಲೇ ಪ್ಯಾಚ್ ಒತ್ತಿದ್ದೇ ಎದ್ದು ಬರುವುದಕ್ಕೆ ಕಾರಣ. ಬಕೆಟ್ಟಿನ ನೀರಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುವ ಕೆಲಸ ಇಬ್ಬರಿಗೂ ಸಿಕ್ಕಿತು. ಗುಳ್ಳೆ ಸಿಕ್ಕ ಮೇಲೂ ಹುಡುಕುತ್ತಲೇ ಇದ್ದರು, ಅಂಗಿ ಪೂರ್ತಿ ನೆನೆಯುವ ತನಕ.

ಸಂಜೆ. ಕರೆಂಟ್ ಇಲ್ಲ. ಕಟ್ಟೆಯ ಮೇಲೆ ಕೂತಿದ್ದಾಗ ದೊಡ್ಡಾಕಿ ಕೇಳಿದಳು: "ಅಪ್ಪಾ, ಸೈಕಲ್ಲು ನಿಂತ್ರೆ ಬೀಳ್ತೈತೆ, ಓಡಿದ್ರೆ ಯಾಕ್ ಬೀಳಲ್ಲ?"

ಗಾಲಿ ತಿರುಗುತ್ತದಲ್ಲ, ಬುಗುರಿಯ ಹಾಗೆ, ಅದಕ್ಕೇ ಬೀಳಲ್ಲ ಅನ್ನುವುದು ಎಲ್ಲರೂ ಕೊಡುವ ಉತ್ತರ. ಅಷ್ಟರಿಂದಲೇ ಮುಗಿಯುವುದಿಲ್ಲ. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದವರು, ಆ ಬುಗುರಿಯ ಗುಣವನ್ನು ಎದುರು ದಿಕ್ಕಿನ ಗಾಲಿಗಳಿಂದ ರದ್ದು ಮಾಡಿದ ಒಂದು ಸೈಕಲ್ ಕಟ್ಟಿ, ಅದನ್ನು ಸುಮ್ಮನೆ ತಳ್ಳಿಬಿಟ್ಟರೂ ತಾನೇ ಬೀಳದೆ ಓಡುವುದನ್ನು 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಏಳು ವರ್ಷದವಳಿಗೆ ಇದನ್ನು ಹೇಳುವುದು ಹೇಗೆ? ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಟ್ಟು ಅಂಗೈ ಮೇಲೆ ನಿಲ್ಲಿಸು ಅಂದೆ.

ಬಿತ್ತು. ಮತ್ತೆ ಬಿತ್ತು. ಮೂರನೇ ಸಲ ಕಸಬರಿಗೆ ಎಡಕ್ಕೆ ವಾಲಿತು, ಅವಳ ಕೈ ತಾನಾಗಿ ಎಡಕ್ಕೆ ಓಡಿತು, ಅದು ನೆಟ್ಟಗಾಯಿತು. "ಅದು ಬೀಳೋ ಕಡೆಗೇ ಕೈ ಹೋಗ್ಬೇಕು" ಎಂದಳು, ಕಣ್ಣು ಕಸಬರಿಗೆಯ ತುದಿಯಿಂದ ಕದಲಿಸದೆ. ಸೈಕಲ್ಲಿನಲ್ಲೂ ಅಷ್ಟೇ. ಎಡಕ್ಕೆ ಬೀಳುವ ಹಾಗಾದರೆ ಹ್ಯಾಂಡಲ್ ಎಡಕ್ಕೆ ತಿರುಗಬೇಕು, ಗಾಲಿ ಮೈಯ ಕೆಳಗೆ ಬಂದು ನಿಲ್ಲುತ್ತದೆ. ಓಡುತ್ತಿದ್ದರೆ ಮಾತ್ರ ಗಾಲಿ ಹಾಗೆ ಬರಲು ಸಾಧ್ಯ. ಅದಕ್ಕೇ ತೀರಾ ನಿಧಾನ ಹೋದಷ್ಟೂ ಸೈಕಲ್ ಅಳ್ಳಾಡುವುದು. ಹೆದರಿದ ಮಗು ನಿಧಾನ ಮಾಡುತ್ತದೆ, ನಿಧಾನ ಮಾಡಿದ್ದಕ್ಕೇ ಬೀಳುತ್ತದೆ, ಬಿದ್ದಿದ್ದಕ್ಕೆ ಇನ್ನೂ ಹೆದರುತ್ತದೆ.

"ದೀಪ ಹಚ್ಚೋ ಹೊತ್ತಿಗೆ ಕಸಬರಿಗೆ ಮ್ಯಾಲೆತ್ತಿ ಕುಣಿಸ್ತೀರೇನು!" ಅವ್ವ ಒಳಗಿಂದ ಬಂದಳು. ಕಸಬರಿಗೆ ಕಿತ್ತುಕೊಂಡಳು. ನಂತರ ಒಂದು ಕ್ಷಣ ನಿಂತು ತಾನು ಹುಡುಗಿಯಾಗಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನ ಎಡ ಪೆಡಲ್ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲಲ್ಲಿ ನೆಲ ದೂಡುತ್ತಾ ಬೀದಿ ತುಂಬ ಹೋಗುತ್ತಿದ್ದುದನ್ನು ಹೇಳಿದಳು. ಸೀಟಿನ ಮೇಲೆ ಮಾತ್ರ ಯಾರೂ ಕೂರಿಸಲಿಲ್ಲವಂತೆ. ಆಗಲೇ ಬ್ಯಾಲೆನ್ಸ್ ಪೂರ್ತಿ ಬಂದಿತ್ತು ಅಂದ ಹಾಗೆ. ಬೆಳಗ್ಗೆ ನಾವು ಪಾನಾ ಹಿಡಿದು ಮಾಡಿದ್ದನ್ನೇ ಆಗಿನ ಮಕ್ಕಳು ಯಾವ ಪಾನಾ ಇಲ್ಲದೆ ಮಾಡಿಕೊಂಡಿದ್ದರು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದ ಸೈಕಲ್ ಬರಲು ಶುರುವಾಗಿದ್ದು 2006-07ರಲ್ಲಿ. ಅವ್ವನ ಕಾಲಕ್ಕೆ ಅದೂ ಇರಲಿಲ್ಲ.

"ಅಜ್ಜಿ, ನಾಳೆ ನೀನೂ ಬಾ, ಅಮಾಸಿ ಮುಗೀತೈತೆ" ಎಂದ ಸಣ್ಣಾತ. ಅವ್ವ ನಗಲಿಲ್ಲ. ಮೈದಾನದಲ್ಲಿ ಜನ ಎಷ್ಟೊತ್ತಿಗೆ ಬರುತ್ತಾರೆ ಅಂತ ಕೇಳಿದಳು.

ಪೆಡಲ್ ಎರಡೂ ಒಗ್ಗಾಣಿ ಮಂಡಕ್ಕಿಯ ಡಬ್ಬಿ ಪಕ್ಕ ಇವೆ. ದೊಡ್ಡಾಕಿ ಐದು ಎಣಿಸಿದ ದಿನ ಹಾಕಬೇಕು, ಬಲ ಪೆಡಲ್ ಗಡಿಯಾರದ 2 ಗಂಟೆಯ ಜಾಗಕ್ಕೆ ಎತ್ತಿಟ್ಟು ಅಲ್ಲಿಂದ ತುಳಿಸಬೇಕು. ಅವ್ವನಿಗಾದರೆ ಮನೆಯಲ್ಲಿರುವ ದೊಡ್ಡ ಸೈಕಲ್ಲಿನ ಸೀಟು ಎಷ್ಟು ಇಳಿಯುತ್ತದೋ ನೋಡಬೇಕು, ಸೀರೆಗೆ ಚೈನ್ ಕವರ್ ಬೇಕು.